ರಕ್ತದಲ್ಲಿ ಎದೆಬಡಿತದ ಜಾತಕ ಸಿಗುತ್ತಾ?

2021ರ ಅಕ್ಟೋಬರ್ 29. ಪುನೀತ್ ರಾಜ್‌ಕುಮಾರ್ ಹೋದರು. ವಯಸ್ಸು ಬರೀ 46. ಮುಂದಿನ ದಿನಗಳಲ್ಲಿ ಜಯದೇವ ಆಸ್ಪತ್ರೆ ಮುಂದೆ ಉದ್ದುದ್ದ ಕ್ಯೂ. ಎಲ್ಲರದೂ ಒಂದೇ ಪ್ರಶ್ನೆ: ಮೊದಲೇ ಗೊತ್ತಾಗಲ್ವಾ? ಆ ಭಯದ ಬೆಂಕಿಗೆ ನಾವು ಚಾನೆಲ್‌ನವರೂ ತುಪ್ಪ ಸುರಿದೆವು, ಒಪ್ಪಿಕೊಳ್ತೀನಿ.

ನೋಡಿ, ಮೊದಲೇ ತಿಳಿದು ತಡೆಯೋ ಹಟ ನಮ್ಮ ದಂಡು ಪ್ರದೇಶಕ್ಕೆ ಹೊಸದೇನಲ್ಲ. 1883ರಲ್ಲಿ ಬೆಂಗಳೂರು ಕಂಟೋನ್ಮೆಂಟ್‌ಗೆ ಸೇನಾ ವೈದ್ಯನಾಗಿ ಬಂದ ರೊನಾಲ್ಡ್ ರಾಸ್‌ಗೆ ತನ್ನ ಬಂಗಲೆಯ ಕಿಟಕಿಯಾಚೆಯ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿ ಕಂಡವು. ತೊಟ್ಟಿ ಬರಿದಾಯ್ತು, ಸೊಳ್ಳೆ ಇಳಿದವು. ಮಿಕ್ಕ ತೊಟ್ಟಿಗಳನ್ನೂ ಬೋರಲು ಹಾಕೋಣ ಅಂದರೆ ಅಡ್ಜುಟೆಂಟ್ ಒಪ್ಪಲಿಲ್ಲ. ಪ್ರಕೃತಿಯ ವ್ಯವಸ್ಥೆ ಕೆಡುತ್ತಂತೆ! 1897ರಲ್ಲಿ ಸಿಕಂದರಾಬಾದ್‌ನಲ್ಲಿ ಅದೇ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಹಿಡಿದ.

ಮಲೇರಿಯಾದಲ್ಲಿ ಒಂದು ಹನಿ ರಕ್ತ ಸಾಕು, ರೋಗಾಣು ಸೂಕ್ಷ್ಮದರ್ಶಕದಲ್ಲಿ ಕಾಣುತ್ತೆ. ಹೃದಯದ ಕತೆ ಹಾಗಲ್ಲ. ಇಂಜಿನಿಯರಿಂಗ್ ಓದಿದ ನನಗೆ ಹೃದಯ ಅಂದರೆ ಪಂಪ್. ವೈದ್ಯರಿಗೂ ಬಹುಕಾಲ ಹಾಗೇ ಇತ್ತು. 1981ರಲ್ಲಿ ಕೆನಡಾದ ಅಡಾಲ್ಫೊ ಡಿ ಬೋಲ್ಡ್ ಇಲಿಯ ಹೃತ್ಕರ್ಣದ ಸಾರವನ್ನು ಬೇರೆ ಇಲಿಗಳಿಗೆ ಚುಚ್ಚಿದರು. ಅವು ಮೂತ್ರದಲ್ಲಿ ಧಾರಾಳವಾಗಿ ಉಪ್ಪು, ನೀರು ಹೊರಹಾಕಿದವು. ಅಂದರೆ ಪಂಪ್ ಹಾರ್ಮೋನನ್ನೂ ಸುರಿಸುತ್ತೆ! 1988ರಲ್ಲಿ ಜಪಾನಿನ ವಿಜ್ಞಾನಿಗಳು ಅದರ ತಮ್ಮ ಬಿಎನ್‌ಪಿಯನ್ನು ಹಂದಿಯ ಮಿದುಳಲ್ಲಿ ಕಂಡರು. ಹೆಸರಲ್ಲಿ ಮಿದುಳು, ಸುರಿಸೋದು ಮಾತ್ರ ಹೆಚ್ಚಾಗಿ ಹೃದಯವೇ. ಹೃದಯದ ಗೋಡೆ ಹಿಗ್ಗಿದಷ್ಟೂ ಅದು ಏರುತ್ತೆ. ಇದರ ಜೋಡಿ ತುಣುಕು ಎನ್‌ಟಿ-ಪ್ರೊಬಿಎನ್‌ಪಿ ಹೆಚ್ಚಿದ್ದ ವೃದ್ಧರಿಗೆ ಮುಂದೆ ಏಟ್ರಿಯಲ್ ಫಿಬ್ರಿಲೇಷನ್ ಬರೋ ಸಾಧ್ಯತೆ ಹೆಚ್ಚು ಅಂತ 2009ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಈ ಕಾಯಿಲೆಯಲ್ಲಿ ಹೃತ್ಕರ್ಣ ತಾಳ ತಪ್ಪಿ ನಡುಗುತ್ತೆ, ರಕ್ತ ಹೆಪ್ಪುಗಟ್ಟುತ್ತೆ, ಆ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು. ಮೊದಲೇ ಸಿಕ್ಕರೆ ಹೆಪ್ಪು ತಡೆಯೋ ಮಾತ್ರೆಗಳಿವೆ.

ಆದರೆ ಈ ಸಂಖ್ಯೆ ವಯಸ್ಸಾದರೂ ಏರುತ್ತೆ, ಕಿಡ್ನಿ ಸೋತರೂ ಏರುತ್ತೆ. ಅದು ಹೊಗೆ, ಬೆಂಕಿ ಎಲ್ಲಿದೆ ಅಂತ ಹೇಳಲ್ಲ. ಇನ್ನು ಅಂದು ಕ್ಯೂನಲ್ಲಿ ನಿಂತವರ ಭಯವೇ ಬೇರೆ, ಇದ್ದಕ್ಕಿದ್ದಂತೆ ನಿಲ್ಲೋ ಹೃದಯದ್ದು. ಅದು ಇಂಥ ದಿನ ಅಂತ ಹೇಳೋ ರಕ್ತಪರೀಕ್ಷೆ ಇವತ್ತಿಗೂ ಇಲ್ಲ. ಹಲಸೂರಿಂದ ಕೆ.ಆರ್. ಪುರದವರೆಗೆ ಯಾವ ಲ್ಯಾಬ್‌ನ ಪ್ಯಾಕೇಜ್‌ನಲ್ಲೂ ಇಲ್ಲ.

ಮಣಿಕಟ್ಟಿನ ಮೇಲೆ ಬೆರಳಿಡಿ. ನಾಡಿ ತಾಳ ತಪ್ತಿದೆ ಅನಿಸಿದರೆ ಇಸಿಜಿ ಮಾಡಿಸಿ. ಐಂಥೋವನ್‌ಗೆ 1924ರ ನೊಬೆಲ್ ತಂದ ಆ ಹಳೇ ಪರೀಕ್ಷೆ ಶಿವಾಜಿನಗರದ ಬೌರಿಂಗ್‌ನಲ್ಲೂ ಆಗುತ್ತೆ.