ಕ್ರಿಯಾಪದವಿಲ್ಲದ ವಾಕ್ಯ

ಗದಗ ಸೀಮೆಯಲ್ಲಿ ‘ಕ್ರಿಯಾ’ ಅಂದರೆ ಮೊದಲು ನೆನಪಾಗುವುದು ಸಾವಿನ ಮನೆ. ‘ಕ್ರಿಯಾ ಎಷ್ಟೊತ್ತಿಗೆ ಐತ್ರಿ?’ ಎಂದು ಒಬ್ಬರು ಫೋನಿನಲ್ಲಿ ಕೇಳಿದರೆ ಸಾಕು, ಪಕ್ಕದಲ್ಲಿ ಕೂತವರು ಮಾತು ನಿಲ್ಲಿಸುತ್ತಾರೆ. 2010ರ ಸೆಪ್ಟೆಂಬರಿನಲ್ಲಿ ಪುಟ್ಟರಾಜ ಗವಾಯಿಗಳು ಲಿಂಗೈಕ್ಯರಾದಾಗ ವೀರೇಶ್ವರ ಪುಣ್ಯಾಶ್ರಮದಲ್ಲಿ ನಡೆದದ್ದು ಕ್ರಿಯಾಸಮಾಧಿ. ಅದೇ ಪದ ಪಂಚಾಯಿತಿ ಕಚೇರಿಗೆ ಹೋದರೆ ‘ಕ್ರಿಯಾಯೋಜನೆ’. ಎಷ್ಟೋ ಸಲ ಅಲ್ಲಿ ಯೋಜನೆ ಇರುತ್ತದೆ, ಕ್ರಿಯೆ ಇನ್ನೂ ಬರಬೇಕಿರುತ್ತದೆ.

ಶರಣರ ಬಾಯಲ್ಲಿ ಇದು ‘ಕ್ರೀ’. ಅರಿವು ಹೆಚ್ಚೋ ಕ್ರೀ ಹೆಚ್ಚೋ ಎಂದು ಅವರು ವಚನಗಳುದ್ದಕ್ಕೂ ವಾದ ಹೂಡಿದ್ದಾರೆ. ಬಸದಿಗಳ ಊರಾದ ಲಕ್ಷ್ಮೇಶ್ವರದ ಜೈನರಿಗೂ ಈ ಚರ್ಚೆ ಹೊಸದಲ್ಲ. ಸಮ್ಯಗ್ದರ್ಶನ, ಜ್ಞಾನ, ಚಾರಿತ್ರ ಮೂರೂ ಕೂಡಿದರೆ ಮಾತ್ರ ಮೋಕ್ಷದ ದಾರಿ ಎಂಬುದು ಅವರ ಮತ. ನಂಬುಗೆಯನ್ನೂ ನಡತೆಯನ್ನೂ ತೂಗಿ ನೋಡುವ ರೂಢಿ ಈ ನೆಲಕ್ಕೆ ಹಳೆಯದು.

ಇಂಥ ನೆಲಕ್ಕೆ 1841ರಲ್ಲಿ ಬಾಸೆಲ್ ಮಿಷನ್ನಿನವರು ಬಂದು ಬೆಟಗೇರಿಯಲ್ಲಿ ನೆಲೆ ಹೂಡಿದರು. ಅವರ ಬೋಧನೆಯ ಹಿಂದೆ ಮಾರ್ಟಿನ್ ಲೂಥರ್ ಇದ್ದ. ದುಡ್ಡು ತೆತ್ತು ಪಾಪದ ಶಿಕ್ಷೆ ಇಳಿಸಿಕೊಳ್ಳುವ ಪತ್ರಗಳ ಮಾರಾಟದ ವಿರುದ್ಧ 1517ರಲ್ಲಿ ದನಿ ಎತ್ತಿದವನು ಅವನು. 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ನಿಗೆ ತಂದಾಗ, ಪೌಲನು ರೋಮಿನವರಿಗೆ ಬರೆದ ಪತ್ರಿಕೆಯಲ್ಲಿ ಗ್ರೀಕ್ ಮೂಲದಲ್ಲಿಲ್ಲದ ‘ಮಾತ್ರ’ ಎಂಬ ಪದ ಸೇರಿಸಿ, ನಂಬಿಕೆಯಿಂದ ಮಾತ್ರ ಮನುಷ್ಯ ನೀತಿವಂತನಾಗುತ್ತಾನೆ ಎಂದ. ಕ್ರಿಯೆ ಇಲ್ಲದ ನಂಬಿಕೆಗೆ ಜೀವವಿಲ್ಲವೆನ್ನುವ ಯಾಕೋಬನ ಪತ್ರಿಕೆಯನ್ನು ಒಣಹುಲ್ಲು ಎಂದು ಜರೆದ. ತಮಾಷೆ ಎಂದರೆ, ‘ನಂಬಿಕೆ ಮಾತ್ರ’ ಎಂಬ ಜೋಡಿ ಹೊಸ ಒಡಂಬಡಿಕೆಯಲ್ಲಿ ಬರುವುದು ಒಂದೇ ಕಡೆ. ಅದೂ ಯಾಕೋಬನಲ್ಲಿ, ಅದೂ ‘ಅಲ್ಲ’ ಎಂಬುದರ ಜೊತೆಗೆ!

ಕನ್ನಡಕ್ಕೆ ‘ಮಾತ್ರ’ವೂ ಬೇಡ, ಎರಡು ಸ್ವರ ಸಾಕು. ‘ನಂಬಿಕೆಯಿಂದಲೇ’ ಅಂದರೆ ಲೂಥರ್, ‘ಕ್ರಿಯೆಯಿಂದಲೂ’ ಅಂದರೆ ಯಾಕೋಬ. ಯುರೋಪಿನ ಚರ್ಚನ್ನು ಸೀಳಿದ ಜಗಳ ನಮ್ಮಲ್ಲಿ ಒಂದು ಏಕಾರ, ಒಂದು ಊಕಾರದೊಳಗೆ ಹಿಡಿಸುತ್ತದೆ. ಕ್ಯಾಥೊಲಿಕರೂ ಲೂಥರನ್ನರೂ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದರು. ನೀತಿವಂತನಾಗುವುದು ಕೃಪೆಯಿಂದ, ಸತ್ಕ್ರಿಯೆ ಅದರ ಫಲ ಎಂಬಲ್ಲಿ ಇಬ್ಬರೂ ಒಪ್ಪಿದರು.

ಬೆಟಗೇರಿಯ ಮಟ್ಟಿಗೆ ಇನ್ನೊಂದು ಸ್ವಾರಸ್ಯವಿದೆ. ಕ್ರಿಯೆಯಿಂದ ರಕ್ಷಣೆ ಸಿಗದು ಎಂದು ಸಾರಿದವರನ್ನು ಊರು ನೆನಪಿಟ್ಟುಕೊಂಡಿರುವುದು ಅವರ ಕ್ರಿಯೆಯಿಂದಲೇ. ಮಿಷನ್ ಕಟ್ಟಿದ ಆಸ್ಪತ್ರೆ ಈಗ ಸಿ.ಎಸ್.ಐ. ಸಭೆಯದು. ಜನರ ಬಾಯಲ್ಲಿ ಅದು ‘ಜರ್ಮನ್ ಆಸ್ಪತ್ರೆ’. ಹೆರಿಗೆಗೆ ಬಂದ ನೇಕಾರರ ಮನೆಯ ಹೆಣ್ಣುಮಗಳಿಗೆ ಏಕಾರ ಊಕಾರದ ಗೊಡವೆ ಎಲ್ಲಿಯದು? ಇಂಥ ಸೇವೆಯೆಲ್ಲ ಮತಾಂತರದ ಬಲೆ ಎಂದವರೂ ಉಂಟು. ಆ ಆಕ್ಷೇಪಕ್ಕೂ ಲೂಥರನ ತತ್ವದಲ್ಲೇ ಒಂದು ಅಳತೆಗೋಲು ಸಿಗುತ್ತದೆ. ಸ್ವರ್ಗದ ಲೆಕ್ಕಕ್ಕೆ ಬಾರದ ಕೆಲಸವನ್ನು ಬೇರೆ ಯಾವ ಲೆಕ್ಕಕ್ಕೂ ಹಚ್ಚದೆ, ಎದುರಿಗಿದ್ದವರಿಗಾಗಿ ಮಾಡಬೇಕು.

ಈ ಮಿಷನ್ನಿನವರೇ ಆದ ಕಿಟೆಲ್ 1872ರಲ್ಲಿ ಕೇಶಿರಾಜನ ವ್ಯಾಕರಣಗ್ರಂಥ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದರು. ವ್ಯಾಕರಣದಲ್ಲೂ ಕ್ರಿಯೆಗೆ ಪಟ್ಟವಿದೆ. ಆದರೂ ಕ್ರಿಯಾಪದವೇ ಇಲ್ಲದೆ ಪೂರ್ತಿಯಾಗುವ ವಾಕ್ಯ ಕನ್ನಡದಲ್ಲಿ ಧಾರಾಳ. ‘ಈ ಹುಡುಗ ನಮ್ಮಾಂವ’ ಎಂದು ಹಿರಿಯರೊಬ್ಬರು ಅಂದರೆ ಶಿರಹಟ್ಟಿಯ ಕಿರಾಣಿ ಅಂಗಡಿಯಲ್ಲಿ ಉದ್ರಿ ಹುಟ್ಟುತ್ತದೆ. ಹುಡುಗ ಇನ್ನೂ ಏನೂ ಮಾಡಿಲ್ಲ, ವಾಕ್ಯದಲ್ಲೂ ಮಾಡುವ ಮಾತಿಲ್ಲ. ಲೂಥರ್ ಹಿಡಿದ ನಂಬಿಕೆ ಇಂಥದು: ದೇವರು ‘ನಮ್ಮಾಂವ’ ಅಂದ, ಅಲ್ಲಿಗೆ ಮುಗಿಯಿತು. ಸಾಲ ತೀರಿಸಿದ್ದಕ್ಕೆ ಹುಡುಗ ನಮ್ಮವನಾಗುವುದಿಲ್ಲ, ನಮ್ಮವನೆಂದು ಕರೆಸಿಕೊಂಡದ್ದಕ್ಕೆ ತೀರಿಸುತ್ತಾನೆ. ಆದರೆ ಅವನು ಮುಂದೆ ತೀರಿಸಿದನೋ, ತಪ್ಪಿಸಿಕೊಂಡು ತಿರುಗಿದನೋ ಎಂದು ಹೇಳಹೊರಟರೆ ಕ್ರಿಯಾಪದ ಬೇಕೇ ಬೇಕು. ಯಾಕೋಬ ಕೇಳುತ್ತಿರುವುದು ಆ ಎರಡನೆಯ ವಾಕ್ಯವನ್ನು.