ತೆರೆಯದ ಪಾರ್ಟಿಷನ್: ದುರಸ್ತಿಗೆ ಮುನ್ನ ನಕಲು ಅಗತ್ಯ

ಹಾರ್ಡ್ ಡಿಸ್ಕಿನ ಪಾರ್ಟಿಷನ್ ತೆರೆದುಕೊಳ್ಳದಿದ್ದರೆ ಅದರಲ್ಲಿನ ಕಡತಗಳು ಅಳಿದುಹೋಗಿವೆ ಎಂದರ್ಥವಲ್ಲ. ಹಲವು ಬಾರಿ ಕೆಟ್ಟಿರುವುದು ಕಡತಗಳನ್ನು ಗುರುತಿಸುವ ಮಾಹಿತಿ ಮಾತ್ರ. ಆಗ ವಿಂಡೋಸ್ ‘ಫಾರ್ಮ್ಯಾಟ್ ಮಾಡಬೇಕೆ?’ ಎಂದು ಕೇಳಿದರೆ ಒಪ್ಪಬಾರದು.

ಡಿಸ್ಕಿನಿಂದ ಟಿಕ್‌ಟಿಕ್ ಸದ್ದು ಬರುತ್ತಿದ್ದರೆ ಅದು ಯಾಂತ್ರಿಕ ದೋಷದ ಲಕ್ಷಣ. ಕೂಡಲೇ ಕಂಪ್ಯೂಟರ್ ಆರಿಸಿ, ಡಿಸ್ಕನ್ನು ತಜ್ಞರಿಗೆ ಒಪ್ಪಿಸಬೇಕು. ಸದ್ದಿಲ್ಲದಿದ್ದರೆ, ಲಿನಕ್ಸ್‌ನ ‘ಡಿಡಿರೆಸ್ಕ್ಯೂ’ ತಂತ್ರಾಂಶದಿಂದ ಇಡೀ ಡಿಸ್ಕನ್ನು ಮತ್ತೊಂದಕ್ಕೆ ನಕಲಿಸಿ, ಆ ನಕಲಿನ ಮೇಲೆಯೇ ದುರಸ್ತಿ ನಡೆಸುವುದು ಕ್ಷೇಮ.

ಎನ್‌ಟಿಎಫ್‌ಎಸ್ ಪಾರ್ಟಿಷನ್ನಿನ ಆರಂಭದಲ್ಲಿರುವ ಬೂಟ್ ಸೆಕ್ಟರಿನ ನಕಲೊಂದು ಅದರ ಕೊನೆಯ ಸೆಕ್ಟರಿನಲ್ಲಿರುತ್ತದೆ. ಮೊದಲಿನದು ಕೆಟ್ಟಿದ್ದರೆ ‘ಟೆಸ್ಟ್‌ಡಿಸ್ಕ್’ ಎಂಬ ಉಚಿತ ತಂತ್ರಾಂಶ ಕೊನೆಯದರಿಂದ ಅದನ್ನು ಮರುಸ್ಥಾಪಿಸಬಲ್ಲದು. ದೋಷ ಸರಿಪಡಿಸುವ ಆಜ್ಞೆಯೊಂದಿಗೆ ಚಲಾಯಿಸಿದ ‘ಚೆಕ್‌ಡಿಸ್ಕ್’ ಡಿಸ್ಕಿನಲ್ಲಿರುವುದನ್ನೇ ತಿದ್ದುತ್ತದೆ. ನಕಲಿಲ್ಲದಿದ್ದರೆ ಆ ತಿದ್ದುಪಡಿಯಲ್ಲಿ ಕಳೆದುಹೋದದ್ದನ್ನು ಮರಳಿ ಪಡೆಯುವುದು ಕಷ್ಟ.