ದೊಡ್ಡಕರುಳಿನ ಕ್ಯಾನ್ಸರ್: ಸಿ.ಟಿ. ಸ್ಕ್ಯಾನ್ ಬಂದ ದಾರಿ

ಕ್ಯಾನ್ಸರ್ ಇದೆ ಎಂದು ಖಚಿತವಾದ ಮೇಲೆ ವೈದ್ಯರು ಕೇಳಿಕೊಳ್ಳುವ ಮುಂದಿನ ಪ್ರಶ್ನೆ, ಅದು ಎಲ್ಲಿಯವರೆಗೆ ಹರಡಿದೆ ಎಂಬುದು. ಚಿಕಿತ್ಸೆಯೆಲ್ಲ ಈ ಉತ್ತರವನ್ನೇ ಅವಲಂಬಿಸಿದೆ. ದೊಡ್ಡಕರುಳಿನ ಕ್ಯಾನ್ಸರಿನಲ್ಲಿ ಬಹುಕಾಲ ಈ ಉತ್ತರ ಸಿಗುತ್ತಿದ್ದುದು ಶಸ್ತ್ರಚಿಕಿತ್ಸೆಯ ನಂತರವೇ.

1932ರಲ್ಲಿ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಕತ್ಬರ್ಟ್ ಡ್ಯೂಕ್ಸ್ ಗುದನಾಳದ ಕ್ಯಾನ್ಸರನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಗೋಡೆಯೊಳಗೇ ಇರುವುದು, ಗೋಡೆ ದಾಟಿದ್ದು, ದುಗ್ಧಗ್ರಂಥಿಗಳನ್ನು ತಲುಪಿದ್ದು ಎಂದು ಇದರ ಅರ್ಥ. ಮುಂದೆ ಇದನ್ನೇ ದೊಡ್ಡಕರುಳಿಗೂ ಬಳಸಿದರು. ಆದರೆ ಕತ್ತರಿಸಿ ತೆಗೆದ ಭಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲಷ್ಟೇ ಹಂತ ತಿಳಿಯುತ್ತಿತ್ತು. ಪಿತ್ತಜನಕಾಂಗಕ್ಕೆ ಹರಡಿದೆಯೇ ಎಂದು ತಿಳಿಯಲು ಸರ್ಜನ್ ಹೊಟ್ಟೆ ತೆರೆದು ಕೈಯಿಂದ ತಡವಿ ನೋಡಬೇಕಿತ್ತು. ಏನೂ ಮಾಡಲಾಗದೆ ಹಾಗೆಯೇ ಹೊಲಿದು ಕಳಿಸಿದ್ದೂ ಉಂಟು.

ಈ ಸ್ಥಿತಿಯನ್ನು ಬದಲಿಸಿದ ಯಂತ್ರವನ್ನು ಕಟ್ಟಿದವರು ವೈದ್ಯರಲ್ಲ. ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಇಂಗ್ಲೆಂಡಿನ ರೈತನ ಮಗ, ಗ್ರಾಮಫೋನ್ ತಟ್ಟೆಗಳಿಗೆ ಹೆಸರಾಗಿದ್ದ ಇ.ಎಂ.ಐ. ಕಂಪನಿಯ ಇಂಜಿನಿಯರ್. ವಿಶ್ವವಿದ್ಯಾಲಯದ ಪದವಿ ಪಡೆದವರಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಅವರ ಮೊದಲ ಪ್ರಯೋಗದಲ್ಲಿ ಒಂದು ವಸ್ತುವಿನ ಅಳತೆಗಳನ್ನು ತೆಗೆಯಲು 9 ದಿನ, ಅವುಗಳಿಂದ ಚಿತ್ರ ಮೂಡಿಸಲು ಕಂಪ್ಯೂಟರಿಗೆ ಎರಡೂವರೆ ಗಂಟೆ ಹಿಡಿಯಿತು! 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಮೆದುಳಿನ ಗೆಡ್ಡೆ ತಲೆ ತೆರೆಯದೆಯೇ ಕಾಣಿಸಿತು. ಇದೇ ವಿಷಯದ ಗಣಿತವನ್ನು ಬೇರೆಯಾಗಿಯೇ ರೂಪಿಸಿದ್ದ ಅಲನ್ ಕೊರ್ಮಾಕ್ ಅವರೊಂದಿಗೆ 1979ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ನಮ್ಮ ಸಭೆಗಳಲ್ಲಿ ಇಬ್ನ್ ಅಲ್-ಹೈಥಮ್‌ರ ಬೆಳಕಿನ ಪ್ರಯೋಗಗಳನ್ನು ಅಭಿಮಾನದಿಂದ ನೆನೆಯುತ್ತೇವೆ. ಹೌನ್ಸ್‌ಫೀಲ್ಡ್‌ರನ್ನೂ ಆ ಸಾಲಿನಲ್ಲೇ ನೆನೆಯಬಹುದು.

ತಲೆಯನ್ನು ಅಲುಗಾಡದಂತೆ ಇಡಬಹುದು, ಹೊಟ್ಟೆಯನ್ನು ಹಾಗೆ ಇಡಲಾಗದು. ಉಸಿರಾಟದಿಂದಲೂ ಕರುಳಿನ ಚಲನೆಯಿಂದಲೂ ಚಿತ್ರ ಕದಡುತ್ತಿತ್ತು. 1989ರ ಹೊತ್ತಿಗೆ ಸುರುಳಿಯಾಕಾರದಲ್ಲಿ ಸುತ್ತುವ ಸ್ಕ್ಯಾನಿಂಗ್ ಬಂದು ಈ ತೊಡಕು ಬಹುಮಟ್ಟಿಗೆ ನಿವಾರಣೆಯಾಯಿತು. ಇಂದು ಒಮ್ಮೆ ಉಸಿರು ಹಿಡಿಯುವಷ್ಟರಲ್ಲಿ ಎದೆ, ಹೊಟ್ಟೆ ಎರಡರ ಚಿತ್ರವೂ ಸಿದ್ಧ.

ರಕ್ತನಾಳಕ್ಕೆ ಔಷಧ ಕೊಟ್ಟು ತೆಗೆದ ಈ ಚಿತ್ರಗಳಲ್ಲಿ ವೈದ್ಯರು ಮುಖ್ಯವಾಗಿ ಹುಡುಕುವುದು ಪಿತ್ತಜನಕಾಂಗವನ್ನು. ಕರುಳಿನ ರಕ್ತ ನೇರವಾಗಿ ಅಲ್ಲಿಗೇ ಹೋಗುತ್ತದಲ್ಲವೇ? ನಂತರ ಶ್ವಾಸಕೋಶ. ಹರಡಿದೆ ಎಂದ ಕೂಡಲೇ ಎಲ್ಲ ಮುಗಿಯಿತೆಂದು ನಮ್ಮ ಮನೆಗಳಲ್ಲಿ ಭಾವಿಸುತ್ತಾರೆ. ಹಾಗೇನಿಲ್ಲ. ಪಿತ್ತಜನಕಾಂಗದಲ್ಲಿ ಕೆಲವೇ ಗಂಟುಗಳಿದ್ದರೆ ಅವುಗಳನ್ನೂ ತೆಗೆದು ಗುಣಪಡಿಸಿದ ಉದಾಹರಣೆಗಳಿವೆ. ಎಲ್ಲಿ, ಎಷ್ಟು ಎಂದು ತೋರಿಸುವುದು ಸ್ಕ್ಯಾನ್.

ಅದರ ಕಣ್ಣಿಗೂ ಮಿತಿಯಿದೆ. ಹೊಟ್ಟೆಯ ಒಳಪೊರೆಯ ಮೇಲಿನ ಅತಿ ಸಣ್ಣ ಕಣಗಳು ತಪ್ಪಿಹೋಗುತ್ತವೆ. ಸೋಂಕಿನಿಂದ ಊದಿದ ದುಗ್ಧಗ್ರಂಥಿ ಕ್ಯಾನ್ಸರಿನಂತೆ ಕಾಣಬಹುದು, ಕ್ಯಾನ್ಸರ್ ಇರುವ ಗ್ರಂಥಿ ಸಹಜ ಗಾತ್ರದಲ್ಲೇ ಇರಬಹುದು. ಆದ್ದರಿಂದ ಶಸ್ತ್ರಚಿಕಿತ್ಸೆಯಾದ ರೋಗಿಗಳಲ್ಲಿ ದುಗ್ಧಗ್ರಂಥಿಗಳ ಕುರಿತ ಕೊನೆಯ ಮಾತು ಈಗಲೂ ಡ್ಯೂಕ್ಸ್ ಬಳಸಿದ ಸೂಕ್ಷ್ಮದರ್ಶಕದ್ದೇ.